ಮರಿಡಾಕ್ಟರ ಗಂಟಲು

ಹಲ್ಲಿನ ಡಾಕ್ಟರು ಅವನ ಬಾಯೊಳಗೆ ಎರಡು ಬೆರಳು, ಒಂದು ಪುಟ್ಟ ಕನ್ನಡಿ, ಎಂಜಲು ಹೀರುವ ಒಂದು ನಳಿಗೆ ಇಷ್ಟನ್ನೂ ಇಟ್ಟುಕೊಂಡೇ ಕೇಳಿದರು: "ಒಂದೇ ಒಂದು ಸಲ ಆ ಡೈಲಾಗ್ ಹೇಳ್ಬಿಡಿ ಸರ್. ನೀವೇ ಮರಿಡಾಕ್ಟ್ರು ಅಂದ್ರೆ ನಮ್ಮ ನರ್ಸಮ್ಮ ನಂಬ್ತಾನೇ ಇಲ್ಲ."

ಬೆರಳುಗಳು ಹೊರಬರುವವರೆಗೆ ಅವನು ಚಾವಣಿಯ ದೀಪ ನೋಡುತ್ತ ಮಲಗಿದ್ದ. ವಯಸ್ಸು ನಲವತ್ತೈದು ದಾಟಿತ್ತು, ತಲೆ ಅರ್ಧ ನರೆತಿತ್ತು, ಮೂರು ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಕೂಡಿಸಿ ಈಗ ನಾಲ್ಕನೆಯದರಲ್ಲಿ ಒದ್ದಾಡುತ್ತಿದ್ದ. ಇದ್ಯಾವುದೂ ಆ ಕೋಣೆಯಲ್ಲಿ ಲೆಕ್ಕಕ್ಕಿರಲಿಲ್ಲ. ಹೇಳದಿದ್ದರೆ ಜಂಬ ಎನ್ನುತ್ತಾರೆ. ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೆ ಸಾವಿರ ಸಲ ಗೊತ್ತಾಗಿತ್ತು. ಮರಗಟ್ಟಿದ ನಾಲಗೆಯಲ್ಲೇ ಒದರಿದ: "ಗಾಬರಿ ಬೇಡ, ಡಾಕ್ಟ್ರು ಬಂದಾಯ್ತು."

ನರ್ಸಮ್ಮನ ಮುಖ, ಕೇಳಿದವರೆಲ್ಲರ ಮುಖದಂತೆ, ತುಸು ಇಳಿಯಿತು. "ಟಿವೀಲಿ ಬೇರೆ ಥರ ಇತ್ತು," ಎಂದಳು.

"ವಯಸ್ಸಾಯ್ತಲ್ಲಮ್ಮ," ಎಂದು ಡಾಕ್ಟರು ಸಮಾಧಾನ ಹೇಳಿದರು. ಅವನಿಗಲ್ಲ, ಅವಳಿಗೆ.

ವಯಸ್ಸಿಗೂ ಇದಕ್ಕೂ ಸಂಬಂಧವಿರಲಿಲ್ಲ. ಟಿವಿಯಲ್ಲಿ ಊರೆಲ್ಲ ಕೇಳಿದ್ದ ಆ ದನಿ ಒಂದು ದಿನವೂ ಅವನದಾಗಿರಲಿಲ್ಲ.

ಆರನೆಯ ವಯಸ್ಸಿನಲ್ಲಿ ಅಮ್ಮ ಅವನನ್ನು ಸ್ಟುಡಿಯೋಗೆ ಕರೆದೊಯ್ದಿದ್ದಳು. ಆಸ್ಪತ್ರೆಯ ಧಾರಾವಾಹಿ, ಅದರಲ್ಲಿ ದೊಡ್ಡ ಡಾಕ್ಟರ ಮಗ ಅಪ್ಪನ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ವಾರ್ಡಿನಿಂದ ವಾರ್ಡಿಗೆ ತಿರುಗುತ್ತ ರೋಗಿಗಳಿಗೆ ಧೈರ್ಯ ಹೇಳಬೇಕು. ನಿರ್ಮಾಪಕರು ಹುಡುಗನ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, "ಎಲ್ಲಿ, ಮಾತಾಡು," ಎಂದರು. ಮಾತಾಡಿದ. ಅವರು ಅಮ್ಮನ ಕಡೆ ತಿರುಗಿದರು.

"ಮುಖ ಬೆಣ್ಣೆ, ಗಂಟ್ಲು ಕಾಗೆ."

"ಸ್ವಲ್ಪ ನೆಗಡಿ ಆಗಿದೆ ಸರ್," ಎಂದಳು ಅಮ್ಮ. ಆ ನೆಗಡಿ ಹುಟ್ಟಿದಾಗಿನಿಂದ ಇತ್ತು ಎಂಬುದನ್ನು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಮುಖಕ್ಕೆ ಕೆಲಸ ಸಿಕ್ಕಿತು, ಗಂಟಲಿಗೆ ಸಿಗಲಿಲ್ಲ. ದನಿಯನ್ನು ಆಮೇಲೆ ಬೇರೆಯವರಿಂದ ಕೂಡಿಸುವುದೆಂದಾದ ಮೇಲೆ ಹುಡುಗನಿಗೆ ಮಾತು ಬಾಯಿಪಾಠ ಮಾಡಿಸುವ ಗೋಜು ಯಾರಿಗೆ ಬೇಕು? ಅಲ್ಲಿನ ರೂಢಿ ಸರಳವಾಗಿತ್ತು: ಸಂಭಾಷಣೆಯ ಬದಲು ಅಂಕಿ ಎಣಿಸು. ಉದ್ದದ ಮಾತಿಗೆ ಹದಿನೈದರವರೆಗೆ, ಚಿಕ್ಕದಕ್ಕೆ ಐದರವರೆಗೆ. ಸಹಾಯಕ ನಿರ್ದೇಶಕರು ಕ್ಯಾಮೆರಾದ ಪಕ್ಕದಲ್ಲಿ ನಿಂತು, "ಈಗ ಕೋಪದಲ್ಲಿ ಹನ್ನೆರಡು ಮರೀ," ಎನ್ನುವರು. "ಅಳ್ತಾ ಏಳು," ಎನ್ನುವರು. ಸಾಯುತ್ತಿದ್ದ ಅಜ್ಜಿಯ ಕೈ ಹಿಡಿದು ಅವನು ಗದ್ಗದಿತನಾಗಿ ಒಂದರಿಂದ ಒಂಬತ್ತು ಎಣಿಸಿದ ದೃಶ್ಯ ನೋಡಿ ಮನೆಮನೆಗಳಲ್ಲಿ ಜನ ಸೆರಗಿಗೆ ಕಣ್ಣೊತ್ತಿಕೊಂಡರು. ಜನ ಕಣ್ಣೊತ್ತಿಕೊಂಡದ್ದು ಯಾವುದಕ್ಕೆ ಎಂಬ ಪ್ರಶ್ನೆ ದೊಡ್ಡವನಾದ ಮೇಲೂ ಅವನನ್ನು ಬಿಡಲಿಲ್ಲ. ಮಿದುಳು, ನೆನಪು, ಗ್ರಹಿಕೆ ಎಂದು ಅವನು ಗುಡ್ಡೆ ಹಾಕಿಕೊಂಡು ಓದಿದ ವಿಜ್ಞಾನದ ಪುಸ್ತಕಗಳಿಗೆಲ್ಲ ಮೂಲ ಆ ಒಂಬತ್ತೇ ಇರಬೇಕು.

ದನಿ ಕೊಟ್ಟವಳು ಮೂವತ್ತರ ಆಸುಪಾಸಿನ ಹೆಂಗಸು. ಅವನು ಅವಳನ್ನು ದನಿಯಕ್ಕ ಎಂದ. ಆಮೇಲೆ ಎಲ್ಲರೂ ಹಾಗೇ ಕರೆದರು. ಕಿಟಕಿಯಿಲ್ಲದ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆಯಲ್ಲಿ ಅವಳು ಚಪ್ಪಲಿ ಬಿಚ್ಚಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, ಪರದೆಯ ಮೇಲೆ ಅವನ ತುಟಿ ನೋಡುತ್ತ 'ನಾಲ್ಕು ಐದು ಆರು' ಎಂಬ ಜಾಗಕ್ಕೆ ಸರಿಯಾಗಿ 'ಅಜ್ಜಿ ಕಣ್ಬಿಡಿ' ಎಂಬುದನ್ನು ಕೂರಿಸುತ್ತಿದ್ದಳು.

"ನಿನ್ನ ತುಟಿ ಎಲ್ಲೂ ಎಡವಲ್ಲ ಕಣೋ ಮರೀ," ಎಂದಳೊಮ್ಮೆ. "ದೊಡ್ಡ ದೊಡ್ಡ ಹೀರೋಗಳದ್ದು ಕುಂಟ್ಕೊಂಡು ಬರುತ್ತೆ."

"ನಾನು ಬರೀ ಎಣಿಸಿದ್ದು ಅಕ್ಕ."

"ಅದಕ್ಕೇ ಚೆನ್ನಾಗಿದೆ. ಅವರು ನಟಿಸೋಕೆ ಹೋಗ್ತಾರೆ."

ಹೀಗೆ, ಮಾತಿನ ಅರ್ಥ ತಿಳಿಯುವ ವಯಸ್ಸಿನಲ್ಲಿ ಅವನಿಗೆ ಮೊದಲು ತಿಳಿದದ್ದು ಮಾತಿನ ಅಳತೆ. ಒಂದು ವಾಕ್ಯ ಎಲ್ಲಿ ಏರುತ್ತದೆ, ಎಲ್ಲಿ ಉಸಿರಿಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದು ಗೊತ್ತು. ಒಳಗೇನಿದೆ ಎಂಬುದು ಗೊತ್ತಿಲ್ಲ. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ವಾದ್ಯದವರು ಕೂರುತ್ತಿದ್ದರು. ಕೀಬೋರ್ಡಿನವರು ಒಂದು ದಿನ ಅವನ ಬೆರಳನ್ನು ಅದರ ಕಪ್ಪು ಬಿಳಿ ಮನೆಗಳ ಮೇಲಿಟ್ಟು, "ಒತ್ತು," ಎಂದರು. ಒತ್ತಿದ. ಅರ್ಥದ ಹಂಗಿಲ್ಲದೆ ಏರಿ ಇಳಿಯುವ ವಸ್ತುವೊಂದು ಲೋಕದಲ್ಲಿ ಮೊದಲೇ ಇತ್ತು, ಅದಕ್ಕೊಂದು ಹೆಸರೂ ಇತ್ತು. ಶೂಟಿಂಗಿನ ನಡುವೆ ಹುಡುಗ ಕಾಣೆಯಾದರೆ ಮೇಲಂತಸ್ತಿಗೆ ಆಳು ಕಳಿಸುವುದು ಅಲ್ಲಿಂದಾಚೆಗೆ ವಾಡಿಕೆಯಾಯಿತು.

ಹನ್ನೆರಡನೆಯ ವಯಸ್ಸಿಗೆ ಕಾಲು ಉದ್ದವಾಯಿತು, ಮೇಲ್ದುಟಿಯ ಮೇಲೆ ನೆರಳು ಬಿತ್ತು. ಧಾರಾವಾಹಿಯವರು ಒಂದೇ ಒಂದು ಮಾತಿನಲ್ಲಿ ಮರಿಡಾಕ್ಟರನ್ನು ಓದಲು ಹೊರದೇಶಕ್ಕೆ ಕಳಿಸಿ ಕೈತೊಳೆದುಕೊಂಡರು. ಆ ಕಂತು ಪ್ರಸಾರವಾದ ವಾರ ಅವನು ಪಕ್ಕದ ಬೀದಿಯ ಶಾಲೆಯಲ್ಲಿ ಗಣಿತದಲ್ಲಿ ನಪಾಸಾದ. "ಡಾಕ್ಟ್ರೇ, ವಿಮಾನ ತಪ್ಪಿಹೋಯ್ತಾ?" ಎಂದು ಮೇಷ್ಟರು ಕೇಳಿದರು, ತರಗತಿ ಬಿದ್ದು ಬಿದ್ದು ನಕ್ಕಿತು. ಆ ನಗು ಬೇರೆ ಬೇರೆ ಬಾಯಿಗಳಿಂದ ಮೂವತ್ತು ವರ್ಷ ಮುಂದುವರಿಯಿತು. ಬ್ಯಾಂಕಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಸ್ವಂತ ತಂದೆ ತೀರಿಕೊಂಡ ದಿನ ಮನೆಯ ಹೊಸ್ತಿಲಲ್ಲಿ ಸಹ ಯಾರೋ ದೂರದ ಸಂಬಂಧಿ, "ಮರಿಡಾಕ್ಟ್ರು ಅಂದ್ರೆ ನೀವೇ ಅಲ್ವಾ?" ಎಂದು ಕೈ ಕುಲುಕಿದ್ದ. ಅವನು ಮದುವೆಯಾದ ಹೆಂಗಸಿನಲ್ಲಿ ಹತ್ತಾರು ಗುಣಗಳಿದ್ದವು. ಅವಳ ತವರಿನಲ್ಲಿ ಟಿವಿ ಇರಲಿಲ್ಲ ಎಂಬುದನ್ನು ಅವನು ಮೊದಲನೆಯದಾಗಿ ಎಣಿಸುತ್ತಿದ್ದ.

ಒಮ್ಮೆ ಔಷಧದ ಅಂಗಡಿಯಲ್ಲಿ ದನಿಯಕ್ಕ ಸಿಕ್ಕಳು. ಕೆಮ್ಮಿನ ಔಷಧಕ್ಕೆ ಬಂದಿದ್ದಳು, ಎಪ್ಪತ್ತು ಸಮೀಪಿಸಿತ್ತು. ಅಂಗಡಿಯವನು ಎಂದಿನಂತೆ ಡೈಲಾಗ್ ಹೇಳಿ ಎಂದು ಅವನಿಗೆ ಗಂಟುಬಿದ್ದ. ಅವನು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾಗ ಪಕ್ಕದಲ್ಲೇ ನಿಂತಿದ್ದ ದನಿಯಕ್ಕ ತಲೆ ತಗ್ಗಿಸಿ, ಚೀಲದೊಳಗೆ ಏನೋ ಹುಡುಕುವವಳಂತೆ, ಆ ಆರು ವರ್ಷದ ಗಂಟಲಿನಲ್ಲಿ ಹೇಳಿಯೇಬಿಟ್ಟಳು: "ಗಾಬರಿ ಬೇಡ, ಡಾಕ್ಟ್ರು ಬಂದಾಯ್ತು." ಅಂಗಡಿಯವನು ಅವನನ್ನೇ ನೋಡುತ್ತ ಕಣ್ಣರಳಿಸಿದ. "ಅಬ್ಬಾ, ಒಂದು ಚೂರೂ ಬದ್ಲಾಗಿಲ್ಲ ಸರ್ ದನಿ."

ಹೊರಗೆ ಬಂದ ಮೇಲೆ ಅವನು ಸಿಡುಕಿದ. "ನೀವಾದ್ರೂ ಹೇಳ್ಬಾರ್ದಾ ಅಕ್ಕ, ಅದು ನಿಮ್ದು ಅಂತ?"

"ಹೇಳಿದ್ರೆ ಅವನ ಖುಷಿ ಹೋಗುತ್ತೆ, ನನಗೇನು ಬರುತ್ತೆ?" ಎಂದಳು. "ಅದ್ಸರಿ, ನಿಂದು ಅಂತ ಏನು ಮಾಡಿದೀಯ ಈಚೆಗೆ?"

ಅವಳು ಸಹಜವಾಗಿ ಕೇಳಿದ್ದಳು. ಅವನಿಗೆ ಮಾತ್ರ ಮುಳ್ಳು ಚುಚ್ಚಿದಂತಾಯಿತು. ಇಪ್ಪತ್ತು ವರ್ಷ ಅವನು ಇತರರ ಹಾಡುಗಳಿಗೆ ಕೀಬೋರ್ಡು ನುಡಿಸಿದ್ದ, ಇತರರ ರಾಗಗಳಿಗೆ ವಾದ್ಯ ಜೋಡಿಸಿದ್ದ, ಸೋಪು ಫಿನಾಯಿಲುಗಳಿಗೆ ಅರ್ಧ ನಿಮಿಷದ ಸಂತೋಷ ಹೊಂದಿಸಿದ್ದ. ತಾನೇ ಕೂಡಿಸಿದ ಮೂರು ಸಿನಿಮಾಗಳಲ್ಲಿ ಒಂದರ ಸಂಗೀತ ಬಾಂಬುಗಳ ಸದ್ದಿನಡಿ ಹೂತುಹೋಯಿತು, ಇನ್ನೊಂದು ಬಿಡುಗಡೆಯಾಗಲಿಲ್ಲ, ಮೂರನೆಯದು ಬಿಡುಗಡೆಯಾಯಿತು, ಆಗದಿದ್ದರೇ ವಾಸಿಯಿತ್ತು. ಒಂದೇ ಒಂದು ಸಲ, ಒಂದು ಕತ್ತಲೆ ಕೋಣೆಯಲ್ಲಿ ಕೂತ ಜನ ತಾನು ಮಾಡಿದ ಸದ್ದನ್ನು ಬೇರೇನೂ ಅಡ್ಡಬಾರದಂತೆ ಕೇಳಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ನಾಲ್ಕನೆಯ ಸಿನಿಮಾದಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಜಾಗವೊಂದಿತ್ತು. ತೀರಿಹೋದ ತಂಗಿಯ ಬೀರುವನ್ನು ಅಕ್ಕ ಒಬ್ಬಳೇ ಖಾಲಿ ಮಾಡುತ್ತಾಳೆ. ಸ್ವೆಟರು, ಬೆಲ್ಟು, ಒಂಟಿ ಕಾಲುಚೀಲ. ನಾಲ್ಕು ನಿಮಿಷ, ಒಂದು ಮಾತಿಲ್ಲ. ಆ ನಾಲ್ಕು ನಿಮಿಷವೂ ಸಂಗೀತದವನದೇ.

ಆದರೆ ಸಿನಿಮಾ ಮಾಡುವವರಲ್ಲಿ ಒಂದು ರೂಢಿಯಿದೆ. ಸಂಗೀತ ಸಿದ್ಧವಾಗುವ ಮೊದಲು ದೃಶ್ಯಗಳನ್ನು ಜೋಡಿಸಿ ನೋಡಬೇಕಲ್ಲ, ಅದಕ್ಕಾಗಿ ಎಲ್ಲಿಂದಲೋ ತಂದ ರಾಗವೊಂದನ್ನು ತಾತ್ಕಾಲಿಕವಾಗಿ ಕೆಳಗೆ ಹಾಸಿಕೊಳ್ಳುತ್ತಾರೆ. ಮನೆ ಕಟ್ಟುವಾಗಿನ ಸಾರುವೆಯಂತೆ, ಕೆಲಸ ಮುಗಿದ ಮೇಲೆ ಬಿಚ್ಚುವುದಕ್ಕೆ. ತಿಂಗಳುಗಟ್ಟಲೆ ಅದನ್ನೇ ನೋಡಿದ ಮೇಲೆ ಮನೆಗಿಂತ ಸಾರುವೆಯೇ ಚೆಂದ ಕಾಣತೊಡಗುತ್ತದೆ. ಈ ಸಿನಿಮಾದ ನಿರ್ದೇಶಕ, ನಲವತ್ತು ದಾಟಿದ ಹುರುಪಿನ ಮನುಷ್ಯ, ಬೀರುವಿನ ದೃಶ್ಯಕ್ಕೆ ಹಾಸಿಕೊಂಡಿದ್ದದ್ದು ಯಾವುದನ್ನು? ಜಗತ್ತಿನ ಅಷ್ಟೂ ರಾಗಗಳನ್ನು ಬಿಟ್ಟು, ಮರಿಡಾಕ್ಟರ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು.

"ನನ್ನ ಬಾಲ್ಯ ಸರ್ ಅದು," ಎಂದ ನಿರ್ದೇಶಕ, ಎದೆ ಮುಟ್ಟಿಕೊಂಡು.

ಅದು ನಿನ್ನ ಬಾಲ್ಯವಾದರೆ ನನ್ನದು ಯಾವುದಪ್ಪ ಎಂಬ ಮಾತು ಗಂಟಲವರೆಗೆ ಬಂದು ಹಿಂತಿರುಗಿತು.

ಅವನು ಒಂದಾದ ಮೇಲೊಂದು ರಾಗ ಕೂಡಿಸಿ ಕೊಟ್ಟ. ಪಿಟೀಲಿನಲ್ಲಿ ಕೊಟ್ಟ, ಕೊಳಲಿನಲ್ಲಿ ಕೊಟ್ಟ, ಪಿಯಾನೋದ ನಾಲ್ಕೇ ಸ್ವರಗಳಲ್ಲಿ ಕೊಟ್ಟ. ಪ್ರತಿಸಲವೂ ನಿರ್ದೇಶಕ ಕಣ್ಣುಮುಚ್ಚಿ ಕೇಳಿ, "ಸೂಪರ್ ಸರ್," ಎನ್ನುತ್ತಿದ್ದ. ಆ 'ಸೂಪರ್'ನ ಬೆನ್ನಿಗೇ ಬರುತ್ತಿತ್ತು: "ಆದ್ರೆ ಆ ಫೀಲ್ ಬರ್ತಿಲ್ಲ. ಹಳೇದನ್ನೇ ಇಟ್ಬಿಡೋಣ್ವಾ? ಧಾರಾವಾಹಿಯವರು ಒಪ್ಕೊಂಡೂ ಆಗಿದೆ."

ಭಾವನೆಯ ಮಾತನ್ನು ಭಾವನೆಗೇ ಬಿಟ್ಟರೆ ತಾನು ಕೆಟ್ಟೆ ಎಂದು ಅವನು ಕಾರಣ ಹುಡುಕಲು ಕೂತ. ಹುಡುಕಿದಾಗ ಸಿಕ್ಕಿತು ಸಹ. ಇಡೀ ದೃಶ್ಯವನ್ನು ಆ ಹಳೆಯ ರಾಗದ ತಾಳಕ್ಕೇ ಕತ್ತರಿಸಿದ್ದರು. ಬೀರು ತೆರೆಯುವುದು ತಾಳದ ಹೊಡೆತಕ್ಕೆ, ಸ್ವೆಟರು ಮಡಿಸಿ ಮುಗಿಯುವುದು ಹೊಡೆತಕ್ಕೆ, ಕ್ಯಾಮೆರಾ ಮುಖಕ್ಕೆ ಹೋಗುವುದು ಹೊಡೆತಕ್ಕೆ. ಬೇರೆ ಯಾವ ಸಂಗೀತ ಹಾಕಿದರೂ ಎರವಲು ಚಪ್ಪಲಿ ಹಾಕಿಕೊಂಡವನಂತೆ ಕಾಲೆಳೆಯುತ್ತಿತ್ತು. ಅವನು ಸಂಕಲನಕಾರ್ತಿಯ ಬಳಿಗೆ ಓಡಿದ. ಆಕೆಯನ್ನು ಎಲ್ಲರೂ ಕತ್ತರಿಯಮ್ಮ ಎನ್ನುತ್ತಿದ್ದರು. ಪರದೆಯಿಂದ ಕಣ್ಣು ತೆಗೆಯದೆ ಮಾತಾಡುವುದು ಅವಳ ಪದ್ಧತಿ.

"ಇದನ್ನ ಆ ಟ್ಯೂನಿಗೇ ಕಟ್ ಮಾಡಿದೀರಲ್ಲ."

"ಡೈರೆಕ್ಟ್ರು ಹಾಗೇ ಮಾಡು ಅಂದ್ರು. ಮಾಡ್ದೆ."

"ಇಷ್ಟು ದಿನ ನಾನು ತಲೆ ಚಚ್ಕೊತಿದ್ದಾಗ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳ್ಲಿಲ್ಲ," ಎಂದಳು ಕತ್ತರಿಯಮ್ಮ. "ಕೂತ್ಕೊಳ್ಳಿ. ಸೌಂಡ್ ಆಫ್ ಮಾಡ್ತೀನಿ. ಎಲ್ಲಿ ಕಟ್ ಬೇಕು ಹೇಳಿ."

ಸದ್ದಿಲ್ಲದ ಪರದೆಯ ಮೇಲೆ ನಟಿಯ ಕೈ, ಭುಜ, ಉಸಿರು ನೋಡುತ್ತ ಅವನು ತುಟಿಯೊಳಗೇ ಎಣಿಸಿ ಹೇಳುತ್ತ ಹೋದ. ಇಲ್ಲಿ ಇನ್ನೊಂದು ಉಸಿರು ಬಿಡಿ. ಇಲ್ಲಿ ಅವಳು ಒಂಟಿ ಕಾಲುಚೀಲದ ಜೋಡಿಗಾಗಿ ಹುಡುಕಿ ನಿಲ್ಲಿಸುವವರೆಗೆ ಕಾಯಿರಿ. ದೃಶ್ಯ ತುಸು ಉದ್ದವಾಯಿತು. ಅದರ ಮೇಲೆ ಅವನ ನಾಲ್ಕು ಸ್ವರಗಳ ಪಿಯಾನೋ ಇಟ್ಟರೆ ಎರಡೂ ಒಂದೇ ಮೈಯಂತೆ ನಡೆದವು. ಕತ್ತರಿಯಮ್ಮ ಮೊದಲ ಬಾರಿಗೆ ಪರದೆಯಿಂದ ಕಣ್ಣು ತೆಗೆದು ಅವನನ್ನು ನೋಡಿ, "ಹ್ಞೂಂ," ಎಂದಳು. ಅವಳಿಂದ ಅಷ್ಟು ಬಂದದ್ದೇ ಬಹಳ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಇಷ್ಟು ಬೆಳೆಯುತ್ತಿರಲಿಲ್ಲ. ನಿರ್ದೇಶಕ ಹೊಸ ಜೋಡಣೆ ನೋಡಿ, "ಚೆನ್ನಾಗಿದೆ, ಆದ್ರೆ ಜನಕ್ಕೆ ಹಳೇದೇ ತಾಗುತ್ತೆ," ಎಂದ. ಜನಕ್ಕೆ ಏನು ತಾಗುತ್ತದೆ ಎಂಬುದನ್ನು ಜನರನ್ನೇ ಕೇಳೋಣ ಎಂದು ಅವನು ಪಟ್ಟುಹಿಡಿದ. ಕತ್ತರಿಯಮ್ಮನ ಕೋಣೆಯಿದ್ದ ಕಟ್ಟಡದ ಕೆಳಗೆ ಹೊಲಿಗೆ ತರಗತಿ ನಡೆಯುತ್ತಿತ್ತು. ಧಾರಾವಾಹಿ ಮುಗಿದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಹುಡುಗಿಯರು, ಆ ರಾಗ ಕೇಳಿಯೇ ಇರಲಿಲ್ಲ. ಬೆಳಗಿನ ತರಗತಿಯವರನ್ನು ಕರೆದು ಮೊದಲು ಹಳೆಯ ರಾಗದ ದೃಶ್ಯ, ಆಮೇಲೆ ಹೊಸದು ತೋರಿಸಿದರು. ಹೊಸದು ಮುಗಿದಾಗ ಯಾರೂ ಏಳಲಿಲ್ಲ. ಒಬ್ಬಳು ಮೂಗು ಒರೆಸಿಕೊಂಡು, "ಎರಡನೇದೇ," ಎಂದಳು. ಉಳಿದವರೂ ಅದನ್ನೇ ಅಂದರು.

"ಸರಿ ಸರ್, ಸೋತೆ. ನಿಮ್ದೇ ಇರ್ಲಿ," ಎಂದು ನಿರ್ದೇಶಕ ಕೈ ಮುಂದೆ ಚಾಚಿದ.

ಬೇರೆ ಯಾರೇ ಆಗಿದ್ದರೂ ಆ ಕೈ ಹಿಡಿದು ಕುಲುಕಿ ಮನೆಗೆ ಹೋಗಿ ಮಲಗುತ್ತಿದ್ದರು. ಅವನಿಗೆ ಒಂದು ಶಂಕೆ ಹುಟ್ಟಿತು. ಅಷ್ಟು ಪುಸ್ತಕ ಓದಿದವನಿಗೆ ಹುಟ್ಟದೆ ಇರುತ್ತದೆಯೇ? ತನ್ನದನ್ನು ಎರಡನೆಯದಾಗಿ ತೋರಿಸಿದ್ದಾರೆ. ಎರಡನೆಯ ಸಲ ನೋಡುವಾಗ ಕಥೆ ಗೊತ್ತಿರುತ್ತದೆ, ಮನಸ್ಸು ಆಗಲೇ ತೇವವಾಗಿರುತ್ತದೆ. ಗೆದ್ದದ್ದು ಸಂಗೀತವೋ ಸರದಿಯೋ?

"ಸಂಜೆ ತರಗತಿಯವರಿಗೆ ಉಲ್ಟಾ ತೋರ್ಸೋಣ," ಎಂದ. "ಮೊದ್ಲು ನಂದು, ಆಮೇಲೆ ಹಳೇದು."

"ಗೆದ್ದಾಗಿದೆ," ಎಂದಳು ಕತ್ತರಿಯಮ್ಮ. "ಎದ್ದು ಹೋಗಿ."

"ಒಂದೇ ಸಲದ ಫಲಿತಾಂಶ ನಂಬೋ ಹಾಗಿಲ್ಲ ಮೇಡಂ."

"ನಂಬ್ಬೇಡಿ. ಎದ್ದು ಹೋಗಿ."

ಅವನು ಹೋಗಲಿಲ್ಲ. ಸಂಜೆಯ ಹುಡುಗಿಯರು ಬಂದರು, ನೋಡಿದರು, ಮೂಗು ಒರೆಸಿಕೊಂಡರು, ಒಕ್ಕೊರಲಿನಿಂದ "ಎರಡನೇದೇ," ಎಂದರು. ಈ ಸಲ ಎರಡನೆಯದು ಹಳೆಯ ರಾಗ.

ನಿರ್ದೇಶಕನ ಮುಖ ಅರಳಿತು. "ನೋಡಿದ್ರಾ ಸರ್."

"ಇದ್ರಿಂದ ಏನೂ ಸಾಬೀತಾಗಲ್ಲ. ಬೆಳಗ್ಗೆದೂ ಆಗಿಲ್ಲ, ಈಗಿಂದೂ ಆಗಿಲ್ಲ. ಯಾವುದನ್ನ ಕೊನೇಲಿ ತೋರಿಸ್ತೀವೋ ಅದಕ್ಕೆ ಅಳ್ತಾರೆ, ಅಷ್ಟೇ."

"ಅಂದ್ರೆ ಎರಡೂ ಸಮ ಅಂತಾಯ್ತು. ಸಮ ಅಂದ್ಮೇಲೆ ನನ್ನ ಬಾಲ್ಯನೇ ಇರ್ಲಿ," ಎಂದ ನಿರ್ದೇಶಕ. "ನಾಳೆ ಮಿಕ್ಸಿಂಗ್. ಬೆಳಗ್ಗೆ ಬನ್ನಿ, ಹಳೇದನ್ನ ಕೂರ್ಸಿಬಿಡೋಣ."

ಮನೆಯಲ್ಲಿ ಅಮ್ಮ ಬಟಾಣಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಯವರೆಗೆ ಕೇಳಿಸಿಕೊಳ್ಳುವ ತಾಳ್ಮೆ ಅವಳಿಗೆ ಯಾವಾಗಲೂ ಇತ್ತು. ಮಾತು ಮುಗಿದ ಮೇಲೆ ಇರುತ್ತಿರಲಿಲ್ಲ.

"ಸುಮ್ನಿರಲಾರದೆ ಇರುವೆ ಬಿಟ್ಕೊಂಡ ಅನ್ನೋದು ನಿನ್ನ ನೋಡೇ ಹುಟ್ಟಿದ್ದು," ಎಂದಳು. "ಪಾಸಾದ್ಮೇಲೂ ಪರೀಕ್ಷೆ ಬರೆಯೋನನ್ನ ನಾನೆಲ್ಲೂ ಕಂಡಿಲ್ಲ."

"ನಿಜ ಏನು ಅಂತ ಗೊತ್ತಾಗ್ಬೇಡ್ವೇನಮ್ಮ?"

"ಗೊತ್ತಾಯ್ತಾ?"

ಅವನು ಒಂದು ಬಟಾಣಿ ತೆಗೆದು ಬಾಯಿಗೆ ಹಾಕಿಕೊಂಡ. ಅದು ಹಸಿಯಾಗಿತ್ತು, ಸಪ್ಪೆಯಾಗಿತ್ತು, ಅವನ ಮನಃಸ್ಥಿತಿಗೆ ಸರಿಯಾಗಿತ್ತು. ವಿಜ್ಞಾನ ಅವನಿಗೆ ಮೋಸ ಮಾಡಿರಲಿಲ್ಲ. ತನಗೆ ತಿಳಿಯದು ಎಂದು ಅದು ಪ್ರಾಮಾಣಿಕವಾಗಿ ಹೇಳಿತ್ತು. ಮಿಕ್ಸಿಂಗಿನ ಹಿಂದಿನ ದಿನ ಅದು ಹೇಳಬಹುದಾದ ಮಾತೇ ಅದು?

ಮರುದಿನ ಬೆಳಿಗ್ಗೆ ಮಿಕ್ಸಿಂಗ್ ಕೋಣೆಯಲ್ಲಿ ಗೋಡೆಯಗಲದ ಪರದೆ, ಉದ್ದನೆಯ ಮೇಜಿನ ತುಂಬ ಮಾತು, ಸದ್ದು, ಸಂಗೀತಗಳನ್ನು ಏರಿಸಿ ಇಳಿಸಿ ಬೆರೆಸುವ ಜಾರುಗುಬ್ಬಿಗಳು, ಮೂರು ಕುರ್ಚಿ. ಕತ್ತರಿಯಮ್ಮ ಬೀರುವಿನ ದೃಶ್ಯವನ್ನು ತೆರೆದಿಟ್ಟಿದ್ದಳು. ಅವನು ಕೂತೊಡನೆ ಶುರುಮಾಡಿದ: ಒಂದೇ ರಾಗವನ್ನು ತಿಂಗಳುಗಟ್ಟಲೆ ಕೇಳಿದರೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ, ಪರಿಚಯವನ್ನೇ ಮನಸ್ಸು ಇಷ್ಟವೆಂದು ತಿಳಿಯುತ್ತದೆ, ಮೂರನೆಯ ಗುಂಪೊಂದಕ್ಕೆ ಒಂದೊಂದನ್ನೇ ಬೇರೆ ಬೇರೆ ದಿನ ತೋರಿಸಿದರೆ...

ನಿರ್ದೇಶಕ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಅವನಿಗೂ ಸಾಕಾಗಿ ಹೋಗಿತ್ತು.

"ಸರ್, ಒಂದು ಕೇಳ್ಲಾ? ಇಷ್ಟು ದಿನದಿಂದ ಕಾರಣ ಹೇಳ್ತಾ ಇದೀರಿ. ಕಟಿಂಗ್ ತಪ್ಪು ಅಂದ್ರಿ, ಬದಲಾಯಿಸಿದ್ವಿ. ಜನರನ್ನ ಕೇಳೋಣ ಅಂದ್ರಿ, ಎರಡೆರಡು ಸಲ ಕೇಳಿದ್ವಿ. ನಿಮಗೆ ಯಾವ್ದು ಬೇಕು ಅಂತ ಮಾತ್ರ ಒಂದ್ಸಲಾನೂ ಹೇಳಿಲ್ಲ."

ಅವನು ಬಾಯಿ ತೆರೆದ. ಒಳಗೆ ಕಾರಣಗಳು ಸಾಲುಗಟ್ಟಿ ನಿಂತಿದ್ದವು, ಒಂದೊಂದಕ್ಕೂ ಎರಡೆರಡು ಉಪಕಾರಣಗಳು. ಕತ್ತರಿಯಮ್ಮ ಪರದೆಯಿಂದ ಕಣ್ಣು ತೆಗೆದು ಕಾಯುತ್ತಿದ್ದಳು.

"ನಂದು," ಎಂದ. "ನಂದೇ ಇರ್ಬೇಕು."

"ಯಾಕೆ?"

"ಯಾಕೂ ಇಲ್ಲ. ನನಗೆ ಅದೇ ಸರಿ ಅನ್ಸುತ್ತೆ."

ನಿರ್ದೇಶಕ ಅವನನ್ನೊಮ್ಮೆ, ಪರದೆಯ ಮೇಲೆ ಬೀರುವಿನ ಮುಂದೆ ನಿಂತೇ ಇದ್ದ ಅಕ್ಕನನ್ನೊಮ್ಮೆ ನೋಡಿದ. ನೋಡಿ, ಭುಜ ಕುಣಿಸಿದ. "ಹಾಗಾದ್ರೆ ಇರ್ಲಿ ಬಿಡಿ. ಇದನ್ನ ಮೊದ್ಲೇ ಅನ್ನೋಕೇನು? ನೀವು ಅಷ್ಟೊಂದು ಪರೀಕ್ಷೆ ಮಾಡಿಸ್ತಿದ್ರೆ, ನಿಮಗೇ ಅದ್ರ ಮೇಲೆ ಅನುಮಾನ ಅಂದ್ಕೊಂಡೆ."

ಅವನಿಗೆ ಸಂತೋಷವಾಗಬೇಕಿತ್ತು. ಬದಲಿಗೆ, ತೆರೆದೇ ಇದ್ದ ಬಾಗಿಲನ್ನು ವಾರಗಟ್ಟಲೆ ಭುಜಕೊಟ್ಟು ದೂಡುತ್ತಿದ್ದವನಿಗೆ ಬರುವಂಥ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಕೋಣೆಯಲ್ಲಿ ತನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕತ್ತರಿಯಮ್ಮ ಹಳೆಯ ರಾಗವನ್ನು ಅಳಿಸಿ ಹೊಸದನ್ನು ಕೂರಿಸಿದಳು. ದೃಶ್ಯ ಕೊನೆಯವರೆಗೆ ಓಡಿತು. ಯಾರೂ ಸೂಪರ್ ಎನ್ನಲಿಲ್ಲ. ಅದು ತನಗೆ ಎಷ್ಟು ಹಿಡಿಸಿತೆಂದು ಅವನಿಗೆ ಆಶ್ಚರ್ಯವಾಯಿತು.

"ಮುಂದಿನ ಸೀನು. ಬಸ್‌ಸ್ಟಾಪು," ಎಂದಳು ಅವಳು. "ಇಲ್ಲೂ ಏನೋ ಹಾಸಿದಾರೆ ಡೈರೆಕ್ಟ್ರು."

ನಿರ್ದೇಶಕ ಆಸೆಯಿಂದ ಮುಂದೆ ಬಾಗಿದ. "ಇದೊಂದನ್ನ ಕೇಳ್ಬಿಡಿ ಸರ್. ಇದು ಸಕತ್ತಾಗಿದೆ."

"ಬೇಡ," ಎಂದ ಅವನು. "ತೆಗೀರಿ."

ಕತ್ತರಿಯಮ್ಮ ಜಾರುಗುಬ್ಬಿ ಕೆಳಗೆಳೆದಳು. ಪರದೆಯ ಮೇಲೆ ಬಸ್ಸೊಂದು ಸದ್ದಿಲ್ಲದೆ ಬಂದು ನಿಂತಿತು.